ಬಿಚ್ಚಿದ ಬೊಗಸೆ

ಕಾಗವಾಡದ ರಾಜಮತಿ ಬೆಳಿಗ್ಗೆ ಮೈತೊಳೆದು, ಬಸದಿಗೆ ಹೋಗಿ ಬಂದು, ಒಲೆ ಹೊತ್ತಿಸುವ ಮೊದಲು ಪುಸ್ತಕದ ಒಂದು ಪುಟ ಓದುತ್ತಾಳೆ. ಬಾಯಿಬಿಟ್ಟು ಓದುತ್ತಾಳೆ, ಪಡಸಾಲೆಯ ಆಚೆ ತುದಿಯಲ್ಲಿ ಕೂತವರಿಗೂ ಕೇಳುವಷ್ಟು ಗಟ್ಟಿಯಾಗಿ. ಆಚೆ ತುದಿಯಲ್ಲಿ ಯಾರೂ ಕೂತಿರುವುದಿಲ್ಲ. ಗೋಡೆಗೆ ತಾಗಿಸಿ ಹಾಕಿದ ಒಂದು ಮಣೆ ಇರುತ್ತದೆ, ಅಷ್ಟೆ. ಜ್ವರ ಬಂದಾಗಲೂ ಓದಿದ್ದಾಳೆ, ಮಗನ ಮದುವೆಯ ದಿನವೂ ಓದಿದ್ದಾಳೆ. ದ್ರಾಕ್ಷಿ ಕೊಯ್ಯುವ ಹೆಣ್ಣಾಳುಗಳು ಬಾಗಿಲಲ್ಲಿ ನಿಂತು ಕೂಗಿದರೆ, "ಒಂದ ಹಾಳಿ ಐತಿ, ತಡೀರಿ" ಎಂದು ಕೈ ಎತ್ತಿ ತೋರಿಸಿ, ಓದಿ ಮುಗಿಸಿಯೇ ಎದ್ದಿದ್ದಾಳೆ.

ಪಕ್ಕದ ಮನೆಯ ಸಕ್ಕುಬಾಯಿಗೆ ಇದೊಂದು ತಮಾಷೆ. ಹಾಲಿನ ಚರಿಗೆ ಹಿಡಿದುಕೊಂಡು ಹಾಯುವಾಗಲೆಲ್ಲ ಕಿಟಕಿಯಿಂದ ಇಣುಕುತ್ತಾಳೆ.

"ಯಾರಿಗಿ ಓದಿ ಹೇಳಾಕತ್ತೀ ಬೇ? ಗ್ವಾಡಿಗೇನು?"

"ಗ್ವಾಡಿ ನಿನಗಿಂತ ಚಲೋ ಬಿಡು. ನಡುವ ಬಾಯಿ ಹಾಕೂದಿಲ್ಲ."

ಸಕ್ಕುಬಾಯಿಗೂ ಗೊತ್ತು, ಆ ಮಣೆ ಯಾರದೆಂದು. ಗೊತ್ತಿದ್ದೇ ಕೇಳುತ್ತಾಳೆ. ಕೇಳದೆ ಹೋದರೆ ರಾಜಮತಿಗೆ ಇನ್ನೂ ಕಷ್ಟ ಎಂಬುದೂ ಅವಳಿಗೆ ಗೊತ್ತು.

ರಾಜಮತಿ ಹುಟ್ಟಿದ್ದು ತೆಲಸಂಗದಲ್ಲಿ. ಶಾಲೆ ಏಳನೆಯ ಇಯತ್ತೆಗೆ ನಿಂತಿತು. ಅಲ್ಲಿಂದ ಮುಂದಿನದನ್ನೆಲ್ಲ ಆಕೆ ತಾನೇ ಓದಿಕೊಂಡಳು. ತಂಗಿ ಮಯೂರಿ ನಾಲ್ಕು ವರ್ಷದವಳಿದ್ದಾಗ ತಾಯಿ ತೀರಿಕೊಂಡಳು. ಅದೇ ವರ್ಷ ರಾಜಮತಿಯ ಮದುವೆಯಾಗಿತ್ತು. ಗಂಡನ ಮನೆಗೆಂದು ಕಾಗವಾಡಕ್ಕೆ ಬಂದ ಹೊಸ ಸೊಸೆ ಬಗಲಲ್ಲಿ ಒಂದು ಕೂಸನ್ನು ಎತ್ತಿಕೊಂಡೇ ಹೊಸ್ತಿಲು ದಾಟಿದಳು. ನೆರೆದ ಹೆಂಗಸರು ಬಾಯಿ ಮೇಲೆ ಸೆರಗು ಮುಚ್ಚಿಕೊಂಡು ನಕ್ಕರಂತೆ. ಗಂಡ ಪಾರಿಸ ಮಾತ್ರ ಕೂಸನ್ನು ಕೈಗೆ ತೆಗೆದುಕೊಂಡು, "ಇದಕ್ಕ ನೀರ ಬೇಕಾಗೇತಿ ನೋಡ್ರಿ ಮೊದಲ" ಎಂದ.

ಹೌದು, ಮಯೂರಿಗೆ ನೀರಡಿಕೆ ತಡೆಯುತ್ತಿರಲಿಲ್ಲ. ಹಸಿವೆಯನ್ನಾದರೂ ಅತ್ತುಕೊಂಡು ತಡೆಯುವಳು, ನೀರಡಿಕೆಯಾದರೆ ನಿಂತಲ್ಲಿ ನಿಲ್ಲುವವಳಲ್ಲ. ಹೊಲಕ್ಕೆ ಹೋದರೂ, ಯಡೂರಿನ ಹೊಳೆದಂಡೆಗೆ ಹೋದರೂ ರಾಜಮತಿಯ ಕೈಯಲ್ಲಿ ಒಂದು ತಂಬಿಗೆ ಇರುತ್ತಿತ್ತು. "ಹೊಳೀಗಿ ಹೊಂಟಾಕಿ ತಂಬಿಗಿ ಯಾಕ ಒಯ್ತೀ?" ಎಂದು ಪಾರಿಸ ನಗುತ್ತಿದ್ದ. ದಾರಿಯಲ್ಲಿ ಬೇಡಿದರೆ ಏನು ಮಾಡುವುದು ಎಂಬುದು ಆಕೆಯ ಉತ್ತರ.

ಆ ಮಗುವನ್ನು ಮಲಗಿಸಲು ಶುರುವಾದದ್ದು ಈ ಓದು. ಮಗು ದೊಡ್ಡದಾದರೂ ಓದು ನಿಲ್ಲಲಿಲ್ಲ. ಮಯೂರಿ ನಿಪ್ಪಾಣಿಯ ಕಾಲೇಜಿಗೆ ಹೋಗಿ ಅಕ್ಕನಿಗಿಂತ ಹೆಚ್ಚು ಕಲಿತಳು. ಆದರೆ ತಾನೇ ಓದುವುದು ಅವಳಿಗೆ ಸೇರುತ್ತಿರಲಿಲ್ಲ. ಅಕ್ಕ ಓದಬೇಕು, ತಾನು ಮಣೆಯ ಮೇಲೆ ಮೊಣಕಾಲು ತಬ್ಬಿ ಕೂತು ಕೇಳಬೇಕು. ಪುಟ ಮುಗಿದೊಡನೆ "ಮುಂದ?" ಎನ್ನಬೇಕು. ಪುಸ್ತಕವೂ ಹೊಸದೇ ಆಗಬೇಕು. "ಹಳೀ ಪುಸ್ತಕದ ಕಡೀಕ ಏನಾಗ್ತೈತಿ ಅಂತ ಯಾರರ ಹೇಳಿ ಬಿಡ್ತಾರಕ್ಕ. ಹೊಸಾದು ಆದ್ರ ಊರಾಗ ಯಾರಿಗೂ ಗೊತ್ತಿರೂದಿಲ್ಲ." ಅದಕ್ಕೇ ಪಾರಿಸ ದ್ರಾಕ್ಷಿಯ ಔಷಧಿ ತರಲು ಅಥಣಿಗೆ ಹೋದಾಗಲೆಲ್ಲ ಪುಸ್ತಕದ ಅಂಗಡಿಯಲ್ಲಿ, "ಇದೇ ವರ್ಷ ಬಂದದ್ದು ಕೊಡ್ರಿ" ಎಂದು ಕೇಳಿ ತರುತ್ತಿದ್ದ. ಈಗಲೂ ತರುತ್ತಾನೆ.

ಒಂದು ಸಲ ತೋಟದಲ್ಲಿ ದ್ರಾಕ್ಷಿಯ ಕಾಯಿ ವಿರಳ ಮಾಡುವ ಕೆಲಸ ನಡೆದಿತ್ತು. ಗೊಂಚಲಿನಲ್ಲಿ ಒತ್ತಾದ ಕಾಯಿಗಳನ್ನು ಸಣ್ಣ ಕತ್ತರಿಯಿಂದ ಬಿಡಿಸುವ ಕೆಲಸ. ಬಿಡುವಿನ ಹೊತ್ತಿನಲ್ಲಿ ಬಳ್ಳಿಯ ನೆರಳಿಗೆ ಕೂತು ರಾಜಮತಿ ಓದುತ್ತಿದ್ದಳು. ಮಯೂರಿ ಕೇಳುತ್ತಲೇ ಕತ್ತರಿ ಆಡಿಸುತ್ತಿದ್ದಳು. ಕಥೆಯಲ್ಲಿ ಮುಳುಗಿದವಳು ಗೊಂಚಲು ಬಿಟ್ಟು ತನ್ನ ಅಂಗೈಯನ್ನೇ ಕತ್ತರಿಸಿಕೊಂಡಳು. ಹೆಬ್ಬೆರಳಿನ ಬುಡದಿಂದ ಅಂಗೈಯ ನಡುವಿನವರೆಗೆ. ರಕ್ತ ಮೊಣಕೈಗೆ ಇಳಿಯುತ್ತಿತ್ತು. ಅಕ್ಕ ಸೆರಗು ಹರಿದು ಕಟ್ಟುತ್ತಿದ್ದರೆ ಅವಳು, "ಕಟ್ಟು, ಕಟ್ಟು. ಆದ್ರ ಮುಂದ ಏನಾತು ಹೇಳು" ಎಂದಳು.

ಮುಂದೆ ಆದದ್ದು ಬೇರೆ. ಆ ಮಳೆಗಾಲ ಊರಿನ ಬಸದಿಯಲ್ಲಿ ಮಾತಾಜಿಯವರ ಸಣ್ಣದೊಂದು ಸಂಘ ಚಾತುರ್ಮಾಸಕ್ಕೆ ನಿಂತಿತು. ಬಿಳಿ ಸೀರೆಯ ಆ ಸನ್ಯಾಸಿನಿಯರ ಪ್ರವಚನ ಕೇಳಲು ಅಕ್ಕತಂಗಿಯರು ದಿನಾ ಒಟ್ಟಿಗೇ ಹೋದರು. ಮಳೆಗಾಲ ಮುಗಿದು ಸಂಘ ಹೊರಟಾಗ ಅಕ್ಕ ಮನೆಗೆ ತಿರುಗಿದಳು, ತಂಗಿ ಅವರ ಹಿಂದೆ ನಡೆದಳು. ಯಾಕೆ ಎಂದು ಎಷ್ಟೋ ಜನ ರಾಜಮತಿಯನ್ನು ಕೇಳಿದರು. ಆಕೆಗೂ ಗೊತ್ತಿರಲಿಲ್ಲ. ಇಬ್ಬರೂ ಕೇಳಿದ್ದು ಒಂದೇ ಮಾತು. ಒಬ್ಬಳಿಗೆ ಅದು ಕಿವಿಯಲ್ಲಿ ಉಳಿಯಿತು, ಇನ್ನೊಬ್ಬಳಿಗೆ ಇನ್ನೂ ಒಳಗೆ ಇಳಿಯಿತು.

ನಾಲ್ಕು ವರ್ಷದ ಮೇಲೆ ದೀಕ್ಷೆಯಾಯಿತು. ಆ ದಿನ ಮಯೂರಿ ಬಳೆ, ಓಲೆ ಎಲ್ಲ ಬಿಚ್ಚಿಟ್ಟು ಕೂತಳು. ತಲೆಗೂದಲನ್ನು ಕೈಯಿಂದಲೇ ಕಿತ್ತು ತೆಗೆಯುತ್ತಿದ್ದರೆ, ಕೆಳಗೆ ಬೀಳದಂತೆ ಬಿಳಿ ಬಟ್ಟೆಯಲ್ಲಿ ಹಿಡಿದು ಕೂತವಳು ರಾಜಮತಿ. ಮಂಟಪಕ್ಕೆ ಮಂಟಪವೇ ಅತ್ತಿತು. ರಾಯಬಾಗದಿಂದ ಬಂದ ಗುರುತಿಲ್ಲದ ಹೆಂಗಸರೂ ಅತ್ತರು. ರಾಜಮತಿ ಅಳಲಿಲ್ಲ. ಆ ದಿನ ಅತ್ತುಬಿಟ್ಟಿದ್ದರೆ ಮುಂದಿನದು ಹೇಗಿರುತ್ತಿತ್ತೋ.

ದೀಕ್ಷೆಯಾದ ಮೇಲೆ ಅಕ್ಕ ಇಲ್ಲ, ತಂಗಿ ಇಲ್ಲ. ಮುಟ್ಟುವಂತಿಲ್ಲ, ಹಳೆಯ ಹೆಸರಿನಿಂದ ಕರೆಯುವಂತಿಲ್ಲ. ಎಲ್ಲರಂತೆ ಕೈಮುಗಿದು "ವಂದಾಮಿ ಮಾತಾಜಿ" ಎನ್ನಬೇಕು. ಸಂಘದಲ್ಲಿ ಇಬ್ಬರೇ ಮಾತಾಜಿಯರು. ವಯಸ್ಸಾದವರು ದೊಡ್ಡ ಮಾತಾಜಿ, ಮಯೂರಿಯಾಗಿದ್ದವಳು ಸಣ್ಣ ಮಾತಾಜಿ. ಸಂಘ ಬರಿಗಾಲಿನಲ್ಲಿ ನಡೆಯುತ್ತ ನಡೆಯುತ್ತ ಉತ್ತರಕ್ಕೆ ಹೋಯಿತು. ರಾಜಮತಿ ಆರು ವರ್ಷ ಆ ಮುಖ ಕಾಣಲಿಲ್ಲ.

ಈ ಸಲ ಹೋಳಿ ಮುಗಿದ ಮೇಲೆ ನಿಪ್ಪಾಣಿಯ ಬಾಳಾಸಾಬನ ಫೋನು ಬಂತು. ತಂಬಾಕಿನ ವ್ಯಾಪಾರವನ್ನು ಮಕ್ಕಳಿಗೆ ಬಿಟ್ಟುಕೊಟ್ಟು, ಎಲ್ಲೆಲ್ಲಿ ಸಂಘ ನಡೆಯುತ್ತದೋ ಅಲ್ಲಿಗೆ ಅಡುಗೆಯ ಜನರನ್ನು ಕರೆದೊಯ್ಯುವುದೇ ಅವನ ಕೆಲಸವಾಗಿತ್ತು. ಸಂಘ ಈಗ ಮಾರವಾಡದ ಮರುಭೂಮಿಯಲ್ಲಿತ್ತು. ಅಲ್ಲಿ ದಿಗಂಬರ ಜೈನರ ಮನೆಗಳು ವಿರಳ. ಹಾಗಾಗಿ ವಾರಕ್ಕೊಂದು ತಂಡ ಹೋಗಿ, ಜೊತೆಗೆ ನಡೆದು, ನಿಂತ ಊರಲ್ಲಿ ಮಡಿಯಿಂದ ಚೌಕಾ, ಅಂದರೆ ಆಹಾರದ ಅಡುಗೆಮನೆ, ಹೂಡಬೇಕು.

"ರಾಜಮತಿ ಅಕ್ಕಾರ, ಸಿನೆಮಾದಾಗ ತೋರಿಸಿದಂಗ ಅಲ್ಲರಿ ಮತ್ತ ಮರುಭೂಮಿ. ಬರಿಗಾಲಲೆ ನಡೀಬೇಕ. ಆಗ್ತೈತೇನ್ರಿ?"

"ನಾ ತೆಲಸಂಗದಾಕಿರಿ. ನಮ್ಮ ಕಲ್ಲು ಮುಳ್ಳಿನ ಮಡ್ಡಿ ನೋಡೀರೇನು?"

"ನೋಡೇನ್ರಿ, ಅದಕ್ಕ ಕೇಳಿದ್ದು!" ಬಾಳಾಸಾಬ ನಕ್ಕ.

ಆಕೆಗೆ ಬೇಕಾದದ್ದು ಒಂದೇ. ತನ್ನ ಕೈಯಿಂದ ಒಮ್ಮೆ ಆ ಕೈಗೆ ಆಹಾರ ಕೊಡಬೇಕು. ತಂಗಿ ಎಂದಲ್ಲದಿದ್ದರೂ ಸರಿ, ಮಾತಾಜಿ ಎಂದೇ ಸರಿ. ಒಂದು ಸಲ.

ಪಾರಿಸ ಇದನ್ನು ಬಲ್ಲವನು. ಹೊರಡುವ ಮಾತು ಬಂದ ದಿನವೇ ಎಚ್ಚರಿಸಿದ. ಮಾತಾಜಿಯವರು ಉಣ್ಣುವುದು ದಿನಕ್ಕೊಮ್ಮೆ, ನೀರು ಕುಡಿಯುವುದೂ ಆಗಲೇ. ಆ ಹೊತ್ತಿನಲ್ಲಿ ಅನ್ನದಲ್ಲಿ ಒಂದು ಕೂದಲು ಕಂಡರೆ, ಒಂದು ಇರುವೆ ಸತ್ತರೆ, ಬಡಿಸುವವರ ಕಣ್ಣೀರು ಬಿದ್ದರೆ ಅಂತರಾಯವಾಯಿತು. ಊಟ ಅಲ್ಲಿಗೇ ನಿಂತಿತು. ಮರುದಿನದ ಅದೇ ಹೊತ್ತಿನವರೆಗೆ ಒಂದು ಹನಿ ನೀರೂ ಇಲ್ಲ.

"ನೀ ಅತ್ತೀ ಅಂದ್ರ ಆಕಿ ಉಪಾಸ ಬೀಳ್ತಾಳ. ಅದೂ ಆ ಬಿಸಲಾಗ."

"ದೀಕ್ಷಾದ ದಿನಾನ ಅತ್ತಿಲ್ಲ ನಾ. ಈಗ ಅಳ್ತೀನೇನ್ರಿ?"

ಬಾಯಲ್ಲಿ ಹಾಗಂದರೂ ಆಕೆ ತಯಾರಿ ನಡೆಸಿದಳು. ಅಥಣಿಯಿಂದ ಬಂದ ಹೊಸ ಪುಸ್ತಕಗಳು ಎರಡಿದ್ದವು. ಒಂದು, ಒಂಟೆಯ ಮೇಲೆ ಮರುಭೂಮಿ ಸುತ್ತಿ ಬಂದವನ ಪ್ರವಾಸದ ಪುಸ್ತಕ. ಇನ್ನೊಂದು ಕಡಲತೀರದ ಕಾದಂಬರಿ. ಅದರಲ್ಲಿ ಮಗ ಮುಳುಗಿ ಸತ್ತ ಮೇಲೆ ತಾಯಿ ಅವನ ಅಂಗಿಯನ್ನು ಒಗೆದು, ಒಣಗಿಸಿ, ಮಡಚಿ ಇಡುವ ಒಂದು ಪುಟವಿತ್ತು. ಮೊದಲ ಸಲ ಓದಿದಾಗ ಮೂರನೆಯ ಸಾಲಿಗೇ ರಾಜಮತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಂದಿನಿಂದ ಆಕೆ ಮುಂದಿನ ಪುಟಕ್ಕೆ ಹೋಗಲೇ ಇಲ್ಲ. ದಿನಾ ಬೆಳಿಗ್ಗೆ ಅದೇ ಪುಟ, ಗಟ್ಟಿಯಾಗಿ, ಕಣ್ಣು ಒದ್ದೆಯಾಗದೆ ಓದಲು ಬರುವವರೆಗೆ.

"ಮತ್ತ ಅದ ಹಾಳಿ?" ಸಕ್ಕುಬಾಯಿ ಕಿಟಕಿಯಿಂದ ಕೂಗಿದಳು. "ಆ ಹುಡುಗನ್ನ ದಿನಾ ಮುಳುಗಸಾಕತ್ತೀಯಲ್ಲ ಬೇ, ಒಮ್ಮೆರ ಮ್ಯಾಲೆ ತಗಿ!"

ಹೊರಡುವ ಹೊತ್ತಿಗೆ ಆ ಪುಟ ಆಕೆಗೆ ಏನೂ ಮಾಡುತ್ತಿರಲಿಲ್ಲ. ಅಂಗಿ ಮಡಚುವಲ್ಲಿಯೂ ಧ್ವನಿ ನೆಟ್ಟಗೆ ನಿಲ್ಲುತ್ತಿತ್ತು. ಈಗ ಹೋಗಬಹುದು ಎಂದುಕೊಂಡಳು. ಎರಡೂ ಪುಸ್ತಕ ಗಂಟಿನಲ್ಲಿಟ್ಟುಕೊಂಡು ಮಿರಜಿನಲ್ಲಿ ರೈಲು ಹತ್ತಿದಳು.

ಜೋಧಪುರ ದಾಟಿದ ಮೇಲೆ ಒಂದು ಹಳ್ಳಿಯ ಶಾಲೆಯಲ್ಲಿ ಸಂಘ ತಂಗಿತ್ತು. ಜಗುಲಿಯಲ್ಲಿ ಹಲಗೆಯ ಮೇಲೆ ಇಬ್ಬರು ಮಾತಾಜಿಯರು ಕೂತಿದ್ದರು. ಸಣ್ಣ ಮಾತಾಜಿಯ ಮುಖ ಬಿಸಿಲಿಗೆ ಕಪ್ಪಾಗಿತ್ತು, ಕೆನ್ನೆಯ ಎಲುಬು ಎದ್ದಿತ್ತು, ತಲೆಯ ಮೇಲೆ ಬೆರಳಗಲ ಕೂದಲು. ಎಲ್ಲರ ಸಾಲಿನಲ್ಲಿ ರಾಜಮತಿಯೂ ಬಗ್ಗಿ "ವಂದಾಮಿ ಮಾತಾಜಿ" ಎಂದಳು. ನವಿಲುಗರಿಯ ಪಿಂಛಿ ಎತ್ತಿ ಅವರು "ಧರ್ಮವೃದ್ಧಿ" ಎಂದರು. ಮುಂದಿನವಳಿಗೂ ಅದೇ ಧ್ವನಿಯಲ್ಲಿ ಅಂದರು, ಅದರ ಮುಂದಿನವಳಿಗೂ.

ಕಣ್ಣು ಒಣಗಿತ್ತು. ರಾಜಮತಿಗೆ ತನ್ನ ಮೇಲೆ ಭರವಸೆ ಬಂತು.

ಸೂರ್ಯ ಹುಟ್ಟಿದ ಮೇಲೆ ನಡಿಗೆ. ಡಾಂಬರಿನ ದಾರಿ ಸ್ವಲ್ಪ, ಮರಳಿನ ದಾರಿ ಹೆಚ್ಚು. ಬೆಳಗಿನ ಮರಳು ತಣ್ಣಗೆ ಹಿಟ್ಟಿನಂತೆ ಕಾಲಿಗೆ ಹತ್ತುತ್ತಿತ್ತು. ಬಿಸಿಲೇರಿದಂತೆ ಅದೇ ಮರಳು ಹುರಿದ ರವೆಯಂತಾಗುತ್ತಿತ್ತು. ದಿಬ್ಬ ಹತ್ತಿದರೆ ಇನ್ನೊಂದು ದಿಬ್ಬ. ಪ್ರವಾಸದ ಪುಸ್ತಕದಲ್ಲಿ ಇಲ್ಲಿ ಏನೂ ಇಲ್ಲ, ಬರೀ ಶೂನ್ಯ ಎಂದು ಬರೆದಿತ್ತು. ರಾಜಮತಿ ಆ ಮಾತನ್ನು ನಂಬಿಕೊಂಡೇ ಬಂದವಳು, ಮೊದಲ ದಿನವೇ ನಿಂತುಬಿಟ್ಟಳು.

"ಬಾಳಾಸಾಬ, ಇದ ನಮ್ಮ ಬನ್ನಿ ಗಿಡ ಅಲ್ಲೇನ್ರಿ?"

"ಇಲ್ಲಿ ಖೇಜಡಿ ಅಂತಾರ್ರಿ."

"ಏನರ ಅನ್ಲಿ, ಬನ್ನಿನ ಇದು. ಅಲ್ಲಿ ಎಕ್ಕಿ ಐತಿ. ನೆಗ್ಗಿಲ ಮುಳ್ಳ ನನ್ನ ಕಾಲಾಗ ಐತಿ. ಏನೂ ಇಲ್ಲ ಅಂತ ಬರದಾನ ನೋಡ್ರಿ ಆ ಪುಣ್ಯಾತ್ಮ."

"ಅಂವ ಒಂಟಿ ಮ್ಯಾಲೆ ಕುಂತಿದ್ದ. ಮುಳ್ಳ ಎಲ್ಲಿಂದ ಗೊತ್ತಾಗಬೇಕ್ರಿ ಅವಂಗ?"

ಮುಂದೆ ನಡೆಯುತ್ತಿದ್ದ ಸಣ್ಣ ಮಾತಾಜಿಯ ಹೆಜ್ಜೆ ಒಂದಿಷ್ಟು ನಿಧಾನವಾದಂತೆ ರಾಜಮತಿಗೆ ಅನಿಸಿತು. ನಗು ತಡೆದುಕೊಳ್ಳುವಾಗ ಮಯೂರಿ ಹಾಗೆಯೇ ನಿಧಾನವಾಗುತ್ತಿದ್ದಳು. ಆದರೆ ಅವರು ತಿರುಗಿ ನೋಡಲಿಲ್ಲ. ಮರಳಲ್ಲಿ ಹುಳುಹುಪ್ಪಟೆ ಇದೆಯೇನೋ ಎಂದು ನೋಡುತ್ತ ಹೆಜ್ಜೆ ಇಡುತ್ತಿದ್ದರು, ಅಷ್ಟೆ.

ಬೆಳಗಿನ ಪುಟವನ್ನು ರಾಜಮತಿ ಅಲ್ಲಿಯೂ ಬಿಡಲಿಲ್ಲ. ತಂಗಿದ ಶಾಲೆಯ ಮೆಟ್ಟಿಲ ಮೇಲೆ, ಧರ್ಮಶಾಲೆಯ ಅಂಗಳದಲ್ಲಿ ಕೂತು ಓದುವಳು. ಮಾತಾಜಿಯವರ ಕೋಣೆಯ ಕಿಟಕಿ ತೆರೆದಿರುತ್ತಿತ್ತು. ಒಳಗೆ ಧ್ಯಾನ, ಶಾಸ್ತ್ರಾಭ್ಯಾಸ. ಕಥೆ ಕಾದಂಬರಿ ಅವರಿಗೆ ಈಗ ಬಿಟ್ಟ ವಿಷಯ ಎಂದು ಆಕೆಗೆ ಗೊತ್ತು. ಆದರೂ ಪುಟ ಮುಗಿದ ಮೇಲೆ, ಗೊತ್ತಿದ್ದೂ, ಒಂದು ಕ್ಷಣ ಕಾಯುವಳು. ಕಿಟಕಿಯಿಂದ ಯಾವ ಮಾತೂ ಬರುತ್ತಿರಲಿಲ್ಲ. ಪುಸ್ತಕ ಮುಚ್ಚಿ ಸೌದೆಯ ಕಡೆ ಹೋಗುವಳು.

ಸಂಘದ ಜೊತೆ ಸದಾ ಇರುವ ತೃಪ್ತಿ ಎಂಬ ಹುಡುಗಿಯಿದ್ದಳು, ರಾಯಬಾಗದ ಕಡೆಯವಳು, ಬ್ರಹ್ಮಚಾರಿಣಿ. ಇನ್ನೂ ದೀಕ್ಷೆಯಾಗಿರಲಿಲ್ಲ, ಹಾಗಾಗಿ ನಗಲು, ರೇಗಿಸಲು ಅಡ್ಡಿಯಿರಲಿಲ್ಲ. ಚೌಕಾದ ರೀತಿಗಳನ್ನೆಲ್ಲ ಅವಳೇ ಹೇಳಿಕೊಟ್ಟಳು. ಮಾತಾಜಿಯವರು ಆಹಾರಕ್ಕೆ ಹೊರಡುವ ಮೊದಲು ಮನಸ್ಸಿನಲ್ಲಿ ಒಂದು ಗುರುತು ಇಟ್ಟುಕೊಳ್ಳುತ್ತಾರೆ. ತೆಂಗಿನಕಾಯಿ ಹಿಡಿದವರು, ಕಳಶ ಹಿಡಿದವರು, ಹೀಗೆ ಏನೋ ಒಂದು. ಯಾರಿಗೂ ಹೇಳುವುದಿಲ್ಲ. ಬಾಗಿಲುಗಳ ಮುಂದೆ ನಿಂತು ಕರೆಯುವವರಲ್ಲಿ ಆ ಗುರುತು ಯಾರ ಬಳಿ ಕಂಡಿತೋ ಅಲ್ಲಿ ನಿಲ್ಲುತ್ತಾರೆ. ಕಾಣದಿದ್ದರೆ ಹಾಗೇ ಹಿಂತಿರುಗುತ್ತಾರೆ.

"ಅದಕ್ಕ ಅಕ್ಕಾ, ನಿಮ್ಮ ಪುಣ್ಯ ಇದ್ರ ನಿಮ್ಮ ಮುಂದ ನಿಂದರ್ತಾರ. ಇಲ್ಲಂದ್ರ ನೀವ ಮಾಡಿದ್ದು ನಾ ಉಣ್ಣಾಕಿ!"

ಮೊದಲ ದಿನಗಳಲ್ಲಿ ರಾಜಮತಿಯ ಅಡುಗೆಯನ್ನು ತೃಪ್ತಿಯೇ ಉಂಡಳು. ಜೊತೆಗೆ ಬಂದವರಲ್ಲಿ ಒಂದೊಂದು ಊರಿನವರದು ಒಂದೊಂದು ಚೌಕಾ. ಸಣ್ಣ ಮಾತಾಜಿ ಒಂದು ದಿನ ನಿಪ್ಪಾಣಿಯವರ ಚೌಕಾಕ್ಕೆ ಹೋದರು, ಇನ್ನೊಂದು ದಿನ ರಾಯಬಾಗದವರಲ್ಲಿಗೆ. ರಾಜಮತಿ ಕಳಶ ಹಿಡಿದು ನಿಂತಲ್ಲಿಂದ ಆ ಬೆನ್ನು ನೋಡಿದಳು.

ವಾರದ ನಡುವೆ ಒಂದು ದಿನ ಅವರು ನಿಂತರು.

ರಾಜಮತಿ "ವಂದಾಮಿ, ವಂದಾಮಿ, ವಂದಾಮಿ, ಮಾತಾಜಿ ನಿಲ್ಲಿರಿ, ನಿಲ್ಲಿರಿ" ಎನ್ನುತ್ತಿದ್ದವಳು, ಆ ಕಾಲುಗಳು ತನ್ನ ಮುಂದೆಯೇ ನಿಂತದ್ದು ನೋಡಿ ಮುಂದಿನ ಮಾತು ಮರೆತಳು. ಹಿಂದಿನಿಂದ ತೃಪ್ತಿ ಪಿಸುಗುಟ್ಟಿದಳು. ಪ್ರದಕ್ಷಿಣೆ ಹಾಕಿ, ಒಳಗೆ ಕರೆದೊಯ್ದು, ಹಲಗೆಯ ಮೇಲೆ ಕೂರಿಸಿ, ಕಾಲಿಗೆ ನೀರೆರೆದು, ಎಲ್ಲವನ್ನೂ ಮಾಡಿದಳು. ಕೊನೆಗೆ ಹೇಳಬೇಕಾದ ಮಾತನ್ನೂ ಹೇಳಿದಳು: "ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರ ಜಲ ಶುದ್ಧ ಐತ್ರಿ ಮಾತಾಜಿ. ಸ್ವೀಕಾರ ಮಾಡ್ರಿ." ಮುಖವನ್ನು ಎದುರಿಗೇ ನೋಡಿ ಹೇಳಿದಳು. ಮುಖಕ್ಕೆ ಆಕೆ ತಯಾರಾಗಿದ್ದಳು, ಧ್ವನಿಗೆ ತಯಾರಾಗಿದ್ದಳು, ಬತ್ತಿದ ಕೆನ್ನೆಗೂ ಕೂದಲಿಲ್ಲದ ತಲೆಗೂ ತಯಾರಾಗಿದ್ದಳು.

ಮಾತಾಜಿ ಕಣ್ಣುಮುಚ್ಚಿ ಮಂತ್ರ ಹೇಳಿ ಬೊಗಸೆ ಚಾಚಿದರು. ತಟ್ಟೆಯಿಲ್ಲ, ಲೋಟವಿಲ್ಲ, ಅವರಿಗೆ ಅಂಗೈಯೇ ಪಾತ್ರೆ. ಮೊದಲು ನೀರು. ರಾಜಮತಿ ತಂಬಿಗೆ ಬಗ್ಗಿಸಿದಳು. ಬೊಗಸೆಯಲ್ಲಿ ನೀರು ತುಂಬುತ್ತ ಬಂತು. ಆ ನೀರಿನ ಅಡಿಯಲ್ಲಿ, ಹೆಬ್ಬೆರಳಿನ ಬುಡದಿಂದ ಅಂಗೈಯ ನಡುವಿನವರೆಗೆ, ಬಿಳಿಯ ಗೆರೆಯೊಂದು ಕಂಡಿತು.

ಕತ್ತರಿಯ ಗಾಯ. ಮುಂದ ಏನಾತು ಹೇಳು.

ಕಣ್ಣಿಂದ ಹನಿ ಬಿದ್ದದ್ದು ಆಕೆಗೆ ಗೊತ್ತಾಗಲೇ ಇಲ್ಲ. ನೀರಿನ ಮೇಲೆ ಸಣ್ಣದೊಂದು ಉಂಗುರ ಎದ್ದಾಗ ಗೊತ್ತಾಯಿತು. ತುಟಿಯ ಹತ್ತಿರ ಹೋಗಿದ್ದ ಬೊಗಸೆ ಅಲ್ಲೇ ನಿಂತಿತು. ಮಾತಾಜಿ ಒಮ್ಮೆ ಆಕೆಯ ಕಣ್ಣು ನೋಡಿದರು. ಆಮೇಲೆ ಬೊಗಸೆ ಬಿಚ್ಚಿತು. ನೀರೆಲ್ಲ ಕೆಳಗಿನ ಪಾತ್ರೆಗೆ ಸುರಿದುಹೋಯಿತು.

ಮಾತಾಜಿ ಕೈ ತೊಳೆದುಕೊಂಡು, ಪಿಂಛಿ ಎತ್ತಿಕೊಂಡು ಎದ್ದು ಹೋದರು. ಬಾಗಿಲ ಹೊರಗೆ ಬಾಳಾಸಾಬನ ಧ್ವನಿ, "ಅಂತರಾಯ ಆತು" ಎಂದು ಯಾರಿಗೋ ಮೆಲ್ಲಗೆ ಹೇಳಿದ್ದು ಕೇಳಿತು. ಒಲೆಯ ಮೇಲೆ ತಳ ಹತ್ತದ ಹಾಗೆ ಕಾಯಿಸಿದ ಹಾಲಿತ್ತು, ಜೋಳದ ರೊಟ್ಟಿಯಿತ್ತು, ಕಾಗವಾಡದಿಂದ ತಂದ ಒಣದ್ರಾಕ್ಷಿಯನ್ನು ನೆನೆಯಿಟ್ಟು ತೆಗೆದ ರಸವಿತ್ತು. ಮಯೂರಿಗೆ ಅದು ಇಷ್ಟವಿತ್ತು.

ಅಂದು ಮಧ್ಯಾಹ್ನ ಮುಂದಿನ ಊರಿಗೆ ನಡೆಯಲೇಬೇಕಿತ್ತು. ತಂಗಲು ಇಲ್ಲಿ ಆ ರಾತ್ರಿಗೆ ಜಾಗವಿರಲಿಲ್ಲ. ದಾರಿಯಲ್ಲಿ ಮಾತಾಜಿಯವರ ಕಮಂಡಲು ಹಿಡಿದುಕೊಂಡು ನಡೆಯುವುದನ್ನು ಜನ ಪುಣ್ಯವೆಂದು ಬೇಡಿ ಪಡೆಯುತ್ತಾರೆ. ಅಂದು ರಾಜಮತಿ ಬೇಡಿಕೊಂಡಳು. ಯಾರೂ ಇಲ್ಲವೆನ್ನಲಿಲ್ಲ.

ಕಮಂಡಲು ತುಂಬ ಕಾಯಿಸಿ ಆರಿಸಿದ ನೀರು. ಕೈಕಾಲು ತೊಳೆಯಲಿಕ್ಕಷ್ಟೇ ಅದು, ಕುಡಿಯಲಿಕ್ಕಲ್ಲ. ಹೆಜ್ಜೆ ಹೆಜ್ಜೆಗೆ ಅದು ಒಳಗೆ ತುಳುಕುತ್ತಿತ್ತು. ನಿನ್ನೆಯ ಆಹಾರದ ಹೊತ್ತಿನಿಂದ ನಾಲಿಗೆ ನೆನೆಯದವರು ಮುಂದೆ ನಡೆಯುತ್ತಿದ್ದರು. ಅವರ ಹಿಂದೆಯೇ, ಕೈಗೆಟುಕುವಷ್ಟು ಹತ್ತಿರ, ನೀರು ಹಿಡಿದುಕೊಂಡು ಅಕ್ಕ ನಡೆಯುತ್ತಿದ್ದಳು. ತೆಲಸಂಗದ ಮಡ್ಡಿಯಲ್ಲಿ, ಯಡೂರಿನ ದಾರಿಯಲ್ಲಿ ನಡೆದ ಹಾಗೆಯೇ. ತುಳುಕುವ ಸಪ್ಪಳ ಕೇಳಬಾರದೆಂದು ಸೆರಗನ್ನು ಕಮಂಡಲುವಿನ ಬಾಯಿಗೆ ಒತ್ತಿ ಹಿಡಿದಳು. ಆದರೂ ಕೇಳುತ್ತಿತ್ತು.

ಒಂದು ಬನ್ನಿಯ ನೆರಳಲ್ಲಿ ಎಲ್ಲರೂ ಸ್ವಲ್ಪ ಕೂತರು. ಮಾತಾಜಿಯವರ ತುಟಿ ಬಿರಿದು ಬಿಳಿ ಕಟ್ಟಿತ್ತು. ರಾಜಮತಿ ದೂರದಿಂದಲೇ ನೆಲಕ್ಕೆ ಹಣೆ ಮುಟ್ಟಿಸಿದಳು.

"ಕ್ಷಮಾ ಮಾಡ್ರಿ ಮಾತಾಜಿ."

"ಅಂತರಾಯ ಅಂದ್ರ ನನ್ನ ಕರ್ಮದ ಫಲ ರೀ. ನಿಮ್ಮ ದೋಷ ಇಲ್ಲ. ಮನಸಿಗಿ ಹಚ್ಕೋಬ್ಯಾಡ್ರಿ." ಮಾತು ಒಣಗಿದ ಗಂಟಲಿನಿಂದ ತುಂಡು ತುಂಡಾಗಿ ಬಂತು. ಸ್ವಲ್ಪ ತಡೆದು ಅವರೇ ಕೇಳಿದರು, "ನೀವೂ ನೀರ ಕುಡದಿಲ್ಲಂತ?"

ರಾಜಮತಿ ತಲೆ ತಗ್ಗಿಸಿದಳು. ಯಾರು ಹೇಳಿದರೋ. ತೃಪ್ತಿಯೇ ಇರಬೇಕು.

"ಕುಡೀರಿ. ನಿಮಗ ಈ ವ್ರತ ಇಲ್ಲ."

ತೃಪ್ತಿ ಬಾಟಲಿ ತಂದು ಕೈಗಿಟ್ಟಳು. ಮಾತಾಜಿಯವರ ಮಾತು ಮೀರುವಂತಿರಲಿಲ್ಲ. ಬಿರಿದ ತುಟಿಯ ಆ ಮುಖದ ಎದುರಿಗೆ ಕೂತು ರಾಜಮತಿ ನೀರು ಕುಡಿದಳು. ಚಿಕ್ಕಂದಿನಿಂದ ಆ ಬಾಯಿಗೆ ನೀರು ಹಿಡಿದವಳು, ಅದರ ಎದುರಿನಲ್ಲಿ, ಗುಟುಕು ಗುಟುಕಾಗಿ, ಬಾಟಲಿ ಖಾಲಿಯಾಗುವವರೆಗೆ. ಮಾತಾಜಿ ಅಷ್ಟು ಹೊತ್ತೂ ಬೇರೆ ಕಡೆ ನೋಡಲಿಲ್ಲ. ಕುಡಿದು ಮುಗಿದ ಮೇಲೆ ಕಣ್ಣು ಮುಚ್ಚಿ ಜಪಕ್ಕೆ ಕೂತರು.

ಮರುದಿನ ಬೆಳಿಗ್ಗೆ ರಾಜಮತಿ ಪುಸ್ತಕ ತೆಗೆದು ಅದೇ ಪುಟ ಓದಿದಳು. ತಾಯಿ ಅಂಗಿ ಒಗೆದಳು, ಒಣಗಿಸಿದಳು, ಮಡಚಿದಳು. ಬರೀ ಅಕ್ಷರ. ಅಂಗಿಯ ತೋಳಿನಲ್ಲಿ ತೂತಿತ್ತೋ, ಗುಂಡಿ ಕಿತ್ತುಹೋಗಿತ್ತೋ, ಬರೆದವರು ಬರೆದಿರಲಿಲ್ಲ. ಹಾಗಾಗಿಯೇ ಇದನ್ನು ಅಳದೆ ಓದಲು ಬಂತೇನೋ ಎಂದು ಆಕೆಗೆ ಅನಿಸಿತು.

ಆಹಾರದ ಹೊತ್ತಿಗೆ ಕಳಶ ಹಿಡಿಯಲಿಲ್ಲ. ಸಾಮಾನಿನ ಗಾಡಿಯ ಹಿಂದೆ, ಯಾರಿಗೂ ಕಾಣದಂತೆ ನಿಂತು ಣಮೋಕಾರ ಮಂತ್ರ ಹೇಳಿಕೊಳ್ಳುತ್ತಿದ್ದಳು. ಸಣ್ಣ ಮಾತಾಜಿ ರಾಯಬಾಗದವರ ಚೌಕಾಕ್ಕೆ ಹೋದರು. ಒಳಗಿನಿಂದ "ಜಲ ಶುದ್ಧ ಐತ್ರಿ" ಎಂಬ ಮಾತು ಕೇಳಿತು. ಆಮೇಲೆ ಬಹಳ ಹೊತ್ತು ಏನೂ ಕೇಳಲಿಲ್ಲ. ಕೊನೆಗೆ ತೃಪ್ತಿ ಗಾಡಿಯ ಹಿಂದಕ್ಕೆ ಓಡಿಬಂದಳು.

"ಆತಕ್ಕಾ, ಯಾವ ಅಡ್ಡೀನೂ ಇಲ್ಲದ ಆಹಾರ ಆತು. ನೀರ ಬಹಳ ತಗೊಂಡ್ರು."

ರಾಜಮತಿ ಗಾಡಿಯ ಗಾಲಿಗೆ ಒರಗಿ ಕೂತಳು. ಅಲ್ಲಿ ಅಳಬಹುದಿತ್ತು. ಅತ್ತಳು.

ಕೊನೆಯ ದಿನ ಬಂತು. ಸಂಜೆಗೆ ಕಾಗವಾಡದ ತಂಡ ಜೋಧಪುರಕ್ಕೆ ಹೊರಡಬೇಕು. ಇನ್ನು ಸಂಘ ಯಾವ ಕಡೆ ನಡೆಯುತ್ತದೋ, ದಕ್ಷಿಣಕ್ಕೆ ಯಾವಾಗ ತಿರುಗುತ್ತದೋ ಯಾರಿಗೂ ಗೊತ್ತಿರಲಿಲ್ಲ. ಬಾಳಾಸಾಬ ಒತ್ತಾಯ ಮಾಡಿ, "ಇವತ್ತರ ನಿಂದರ್ರಿ ಅಕ್ಕಾರ, ಇಷ್ಟ ದೂರ ಬಂದೀರಿ" ಎಂದು ಕಳಶ ಕೈಗಿತ್ತ. ಬೇಡವೆನ್ನಲು ಬಾಯಿ ಬರದೆ ರಾಜಮತಿ ಅದನ್ನು ಹಿಡಿದುಕೊಂಡು, ಒದ್ದೆ ಮಡಿಸೀರೆಯಲ್ಲಿ ಬಾಗಿಲ ಬಳಿ ನಿಂತಿದ್ದಳು. ಮಾತಾಜಿಯರು ಇನ್ನೂ ಕೋಣೆಯಿಂದ ಹೊರಟಿರಲಿಲ್ಲ.

ತೃಪ್ತಿ ಬಂದು ಪಕ್ಕದಲ್ಲಿ ನಿಂತಳು. ಅತ್ತ ಇತ್ತ ನೋಡಿದಳು.

"ಅಕ್ಕಾ, ಒಂದ ಮಾತ. ಯಾರ ಮುಂದೂ ಹೇಳಬ್ಯಾಡ್ರಿ. ಇಷ್ಟ ವರ್ಷ ಸಂಗಾಟ ಅದೀನಿ, ಸಣ್ಣ ಮಾತಾಜಿ ಯಾವ ದಿನ ಏನ್ ಗುರುತ ಇಟ್ಕೋತಾರ ಅಂತ ನನಗ ಅಂದಾಜ ಸಿಗತೈತಿ. ಇವತ್ತಿಂದೂ ಸಿಕ್ಕೈತಿ. ಹೇಳ್ಲಿ? ಅದನ್ನ ಹಿಡಕೊಂಡ ನಿಂತ್ರ ಸೀದಾ ನಿಮ್ಮ ಮುಂದ ಬರ್ತಾರ."

ರಾಜಮತಿ ಅವಳ ಮುಖ ನೋಡಿದಳು. ಕಪಟವಿಲ್ಲದ ಮುಖ. ಮೊನ್ನೆಯಿಂದ ಈ ಹುಡುಗಿಯೂ ಸರಿಯಾಗಿ ಉಂಡಿರಲಿಲ್ಲ.

"ಗೊತ್ತ ಮಾಡ್ಕೊಂಡ ನಿಂತ ಮ್ಯಾಲೆ ಮನಶುದ್ಧಿ ಅಂತ ಯಾವ ಬಾಯಿಲೆ ಹೇಳ್ಲೆ ತಂಗಿ? ಮೊನ್ನೆ ಹೇಳಿದ್ದ ಸುಳ್ಳಾತು."

"ಮೊನ್ನಿದ್ದು ಮೊನ್ನಿಗಿ ಹೋತಲ್ಲಕ್ಕಾ. ಮತ್ತ ಯಾವಾಗ ಬರ್ತೀರಿ ನೀವು? ಬರಾಕ ಆಗ್ತೈತೋ ಇಲ್ಲೋ."

"ಆಗೂದಿಲ್ಲ ಅನಸ್ತೈತಿ."

"ಅದಕ್ಕ ಅಂತೀನಿ! ಇವತ್ತ ಅಳೂದಿಲ್ಲ ನೀವು, ನೋಡ್ರಿ. ಗಟ್ಟಿ ಆಗೀರಿ."

ಆಚೆ ಕೋಣೆಯ ಬಾಗಿಲು ತೆರೆದ ಸಪ್ಪಳವಾಯಿತು. ಸಾಲಿನಲ್ಲಿ ನಿಂತವರೆಲ್ಲ ಸೆರಗು ಸರಿಮಾಡಿಕೊಂಡರು. ರಾಜಮತಿ ಕಳಶವನ್ನು ಎರಡೂ ಕೈಯಿಂದ ಎತ್ತಿ, ಪಕ್ಕದಲ್ಲಿ ಬರಿಗೈಯಲ್ಲಿ ನಿಂತಿದ್ದ ರಾಯಬಾಗದ ಹೆಂಗಸಿನ ಕೈಗಿಟ್ಟಳು.

"ಹೇಳಬ್ಯಾಡ ತಂಗಿ. ಆ ಕೈ ನೋಡಿದ್ರ ನಾ ಇವತ್ತೂ ಅಳ್ತೀನಿ, ನಾಳೀಗೂ ಅಳ್ತೀನಿ. ಆಕಿ ನೀರ ಕುಡೀಲಿ. ನಾ ಹಿತ್ತಲದಾಗ ಬಾಂಡೆ ತಿಕ್ಕತೀನಿ."